ಕಾರಿನ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು? ನಾನು ಲೆಕ್ಕ ಹಾಕಿದ ಬಗೆ

ಮೊದಲ ಸಲ ನಾನು ಸ್ಪ್ರಿಂಗ್ ಬದಲಿಸಿದ್ದು ಬರೀ ಶೋಕಿಗೆ. ಟೈರಿಗೂ ಅದರ ಮೇಲಿನ ಬಾಡಿಗೂ ನಡುವೆ ನಾಲ್ಕು ಬೆರಳು ಜಾಗ ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಕಿರಿಕಿರಿ. ಅಂಗಡಿಯಿಂದ ಒಂದು ಸೆಟ್ ತಂದೆ. ಡಬ್ಬದ ಮೇಲೆ '35 ಮಿಮೀ ತಗ್ಗುತ್ತದೆ' ಅಂತ ಮಾತ್ರ ಇತ್ತು. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಎಲ್ಲೂ ಇರಲಿಲ್ಲ. ನಾನೂ ಕೇಳಲಿಲ್ಲ.

ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿನಿಂದ ಹಾಸನಕ್ಕೆ ಹೊರಟೆ. ಪ್ರತಿ ಹಂಪಿಗೂ ಧಡ್, ಧಡ್. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಇದಕ್ಕಿಂತ ಎತ್ತಿನ ಗಾಡಿ ವಾಸಿ ಕಣೋ" ಅಂದಳು.

ಸ್ಪ್ರಿಂಗ್ ಗಟ್ಟಿಯಾಗಿದ್ದಕ್ಕೇ ಹೀಗೆ ಅಂದುಕೊಂಡೆ. ಅರ್ಧ ನಿಜ. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಭಾಗ) ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಬಿಗಿದು ಆಫೀಸಿಗೆ ಹೋಗಿ ಬಂದೆ. ಚಕ್ರ ಮೇಲೆ ಬಂದಷ್ಟೂ ಆ ಟೈ ರಾಡಿನ ಮೇಲೆ ಸರಿಯುತ್ತದೆ, ಕೊನೆಗೆ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಚಕ್ರ ಬಂದಿತ್ತು ಅಂತ. ಬಂದು ನೋಡಿದರೆ ಟೈ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿರುವ ರಬ್ಬರಿಗೆ, ಒತ್ತಿ ಕೂತಿದೆ. ಗಾಡಿ 35 ಮಿಮೀ ತಗ್ಗಿದರೆ ಚಕ್ರ ಮೇಲೇಳುವ ಜಾಗವೂ ಅಷ್ಟೇ ಕಡಿಮೆ ಅಲ್ವಾ? ಸೊಂಟಕ್ಕೆ ಬಡಿಯುತ್ತಿದ್ದುದು ಸ್ಪ್ರಿಂಗ್ ಅಲ್ಲ, ಆ ರಬ್ಬರ್.

ಹಳೇ ಸ್ಪ್ರಿಂಗ್ ವಾಪಸ್ ಹಾಕಿದೆ. ಆಮೇಲೆ ಹಿಂದಿನ ಶಾಕ್‌ನ ರಾಡಿಗೂ ಟೈ ಕಟ್ಟಿ ಐದು ಜನ ಕೂತು ಒಂದು ಸುತ್ತು ಹೋದೆವು. ಆಶ್ಚರ್ಯ ಅಂದರೆ ಹಿಂದೆ ಕಂಪನಿ ಸ್ಪ್ರಿಂಗಿನಲ್ಲೂ ರಬ್ಬರ್ ತಾಕುತ್ತಿತ್ತು. ಒಬ್ಬನೇ ಓಡಾಡುವಾಗ ನನಗೆ ಗೊತ್ತೇ ಆಗಿರಲಿಲ್ಲ. ಅಮ್ಮ ಮೊದಲಿಂದಲೂ ಹೇಳುತ್ತಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೆ. ಶೋಕಿ ಬಿಟ್ಟು ಲೆಕ್ಕಕ್ಕೆ ಕೂತಿದ್ದು ಆವತ್ತು.

ನನ್ನದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಾಡೆಲ್ ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಇದೇ ನಂಬರ್ ಹಿಡಿದು ಸ್ಪ್ರಿಂಗ್ ಮಾಡಿಸಲು ಹೋಗುತ್ತೀರಿ. ಲಾರಿ ತೂಗುವ ವೇ ಬ್ರಿಡ್ಜಿಗೆ ಹೋಗಿ ಮೊದಲು ಮುಂದಿನ ಎರಡು ಚಕ್ರ, ಆಮೇಲೆ ಹಿಂದಿನ ಎರಡು ಚಕ್ರ ಹತ್ತಿಸಿದೆ. ನಾನು ಕೂತಂತೆಯೇ ಮುಂದೆ 620 ಕೆಜಿ, ಹಿಂದೆ 400. ಐದು ಜನ, ಲಗೇಜು ಸೇರಿದರೆ ಹಿಂದೆ 620. ಇದರಲ್ಲಿ ಚಕ್ರ, ಬ್ರೇಕು, ಆಕ್ಸಲ್ಲಿನ ತೂಕ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಮುಂದೆ 70, ಹಿಂದೆ 60 ಅಂತ ಅಂದಾಜಿಗೆ ಕಳೆದೆ. ಉಳಿದದ್ದನ್ನು ಎರಡು ಭಾಗ ಮಾಡಿದರೆ ಒಂದೊಂದು ಮೂಲೆಗೆ ಮುಂದೆ 275, ಹಿಂದೆ ಖಾಲಿಯಲ್ಲಿ 170, ತುಂಬಿದಾಗ 280.

ಇನ್ನು ಸ್ಪ್ರಿಂಗ್. ಅದನ್ನು 1 ಮಿಮೀ ಒತ್ತಲು ಎಷ್ಟು ಕೆಜಿ ಬೇಕು ಅನ್ನುವುದೇ ರೇಟ್. ತಂತಿಯ ದಪ್ಪ, ಸುತ್ತಿನ ವ್ಯಾಸ, ಕೆಲಸ ಮಾಡುವ ಸುತ್ತು ಎಷ್ಟು, ಇಷ್ಟು ಗೊತ್ತಿದ್ದರೆ ರೇಟ್ ಸಿಗುತ್ತದೆ. ತಂತಿಯ ದಪ್ಪದ ನಾಲ್ಕನೇ ಘಾತವನ್ನು (ದಪ್ಪ × ದಪ್ಪ × ದಪ್ಪ × ದಪ್ಪ) 8000ದಿಂದ ಗುಣಿಸಬೇಕು. ಅದನ್ನು ವ್ಯಾಸದ ಘನ, ಸುತ್ತಿನ ಸಂಖ್ಯೆ, 8, ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಆ 8000 ಉಕ್ಕಿನ ಗುಣ. ಮುಂದಿನ ಸ್ಪ್ರಿಂಗಿನ ತಂತಿಗೆ ವರ್ನಿಯರ್ ಹಿಡಿದಾಗ ಮೊದಲು 11.2 ಮಿಮೀ ಬಂತು, ರೇಟ್ 2.13. ಯಾಕೋ ಅನುಮಾನ ಬಂದು ಪೇಂಟ್ ಕೆರೆದು ಅಳೆದೆ, 11.0. ರೇಟ್ 1.98ಕ್ಕೆ ಇಳಿಯಿತು. ಬರೀ ಪೇಂಟಿನಿಂದ ಶೇ. 7ರಷ್ಟು ವ್ಯತ್ಯಾಸ! ಕೆರೆದ ಜಾಗಕ್ಕೆ ವಾಪಸ್ ಪೇಂಟ್ ಹಚ್ಚುವುದು ಮರೆಯಬೇಡಿ, ತುಕ್ಕು ಹಿಡಿದ ಕಡೆಯೇ ಸ್ಪ್ರಿಂಗ್ ಮುರಿಯುವುದು.

ಸ್ಪ್ರಿಂಗಿನ ರೇಟೇ ಚಕ್ರದ ರೇಟ್ ಅಲ್ಲ. ಹಿಂದೆ ಜ್ಯಾಕ್‌ನಿಂದ ಚಕ್ರವನ್ನು 50 ಮಿಮೀ ಎತ್ತಿದರೆ ಸ್ಪ್ರಿಂಗ್ ಕುಗ್ಗಿದ್ದು 42 ಮಿಮೀ. ಅನುಪಾತ 0.84. ಅದರ ವರ್ಗ ಹಿಡಿಯಬೇಕು, 0.71. ಹಿಂದಿನ ಸ್ಪ್ರಿಂಗ್ 2.0 ಇದ್ದರೂ ಚಕ್ರಕ್ಕೆ ಸಿಗುವುದು 1.42 ಮಾತ್ರ. ಮುಂದೆ ಇದೇ ವರ್ಗ 0.9 ಬಂತು.

ಇಲ್ಲಿಂದ ಮುಂದೆ ಸುಲಭ. ಮೂಲೆಯ ತೂಕವನ್ನು ಚಕ್ರದ ರೇಟಿನಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 15.8 ಅನ್ನು ಅದರಿಂದ ಭಾಗಿಸಿದರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದು ಸಿಗುತ್ತದೆ. ಮನೆ ಮಂದಿ ಓಡಾಡುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಒಳಗೆ ಇರುತ್ತವೆ. ನನ್ನದು ಮುಂದೆ 1.27. ಹಿಂದೆ ಖಾಲಿಯಲ್ಲಿ 1.44, ತುಂಬಿದರೆ 1.13. ಆ ಶೋಕಿ ಸ್ಪ್ರಿಂಗನ್ನೂ ಅಳೆದೆ. ರೇಟ್ 4.0, ಅಂದರೆ ಮುಂದೆ 1.8. ಟ್ರ್ಯಾಕಿನಲ್ಲಿ ಓಡಿಸುವ ಗಾಡಿಗೆ ಸರಿ. ಅಷ್ಟು ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲು ಶಾಕ್ ಕೂಡ ಶೇ. 40ರಷ್ಟು ಬಿಗಿ ಇರಬೇಕು. ಕಂಪನಿ ಶಾಕ್ ಪಾಪ ಏನು ಮಾಡೀತು, ಅದಕ್ಕೇ ಹೈವೇಯಲ್ಲಿ ಗಾಡಿ ಕುಣಿಯುತ್ತಿತ್ತು.

ಒಬ್ಬನೇ ಕೂತಾಗ ಹಿಂದೆ ರಬ್ಬರಿಗೆ 80 ಮಿಮೀ ಜಾಗ ಇತ್ತು. ಐದು ಜನ ಕೂತರೆ 77 ಮಿಮೀ ಕುಸಿತ. ಉಳಿದದ್ದು 3 ಮಿಮೀ! ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ್ದ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 25 ಕಿಮೀ ವೇಗಕ್ಕೆ. ನಮ್ಮ ಬೀದಿಯದ್ದು ಚಪ್ಪಡಿ ಕಲ್ಲು ಅಡ್ಡ ಮಲಗಿಸಿದ ಹಾಗಿದೆ. 3 ಮಿಮೀ ಯಾವ ಮೂಲೆಗೆ?

ಹಾಗಾಗಿ ಹಿಂಬದಿಯ ಸ್ಪ್ರಿಂಗನ್ನೇ ಮೊದಲು ಆರಿಸಿದೆ: ರೇಟ್ 2.4. ಕುಸಿತ 65 ಮಿಮೀಗೆ ಬಂತು, ಜೊತೆಗೆ 10 ಮಿಮೀ ಎತ್ತರಿಸಿದೆ. ಖಾಲಿಯಲ್ಲಿ 1.58, ತುಂಬಿದಾಗ 1.23. ಮುಂದೆ 2.5 ಸಾಕು ಅನಿಸಿತು, ಅಂದರೆ 1.43. ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿರಬೇಕು ಅಂತ ಕಾರಿನ ಸಸ್ಪೆನ್ಷನ್ ಎಂಜಿನಿಯರ್ ಮಾರಿಸ್ ಓಲಿ 1930ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಹಂಪ್ ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ತಡವಾಗಿ ಶುರುವಾದ ಹಿಂಬದಿ ಬೇಗ ತೂಗಿ ಮುಂದಿನದನ್ನು ಹಿಡಿದುಕೊಂಡರೆ ಗಾಡಿ ತೊಟ್ಟಿಲಾಡುವುದಿಲ್ಲ. ತುಂಬಿದಾಗ ನನ್ನ ಗಾಡಿಯಲ್ಲಿ ಇದು ತಲೆಕೆಳಗಾಗುತ್ತದೆ, ಗೊತ್ತು. ಅದನ್ನೂ ಸರಿಮಾಡಲು ಹೋದರೆ ಒಬ್ಬನೇ ಹೋಗುವಾಗ ಬೆನ್ನು ಮುರಿಯುತ್ತದೆ.

"ಸುಮ್ನೆ ಒಂದು ಸುತ್ತು ಕಟ್ ಮಾಡ್ಸಿ ಸಾರ್, ಗಟ್ಟಿ ಆಗುತ್ತೆ" ಅಂದ ಮೆಕ್ಯಾನಿಕ್. ರೇಟಿನ ಮಟ್ಟಿಗೆ ಅವನ ಮಾತು ಸರಿಯೇ: ನಾಲ್ಕೂವರೆ ಸುತ್ತು ಮೂರೂವರೆ ಆದರೆ 1.98 ಇದ್ದದ್ದು 2.55 ಆಗುತ್ತದೆ. ಆದರೆ ಗಾಡಿ ಮತ್ತೆ ಕುಸಿಯುತ್ತದೆ, ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ನೇತಾಡಿದಾಗ ಸ್ಪ್ರಿಂಗ್ ಜಾರಬಹುದು.

ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತಿಕೊಡುವವರೊಬ್ಬರ ಹತ್ತಿರ ಮಾಡಿಸಿದೆ. ಮುಂದಿನದಕ್ಕೆ 11.5 ಮಿಮೀ ತಂತಿ, 4.2 ಸುತ್ತು. ಕೈಯಲ್ಲಿ ಹಿಡಿದರೆ ಹಳೆಯದಕ್ಕಿಂತ 32 ಮಿಮೀ ಗಿಡ್ಡ. ಮೆಕ್ಯಾನಿಕ್ ಗಾಬರಿಯಾದ. ಗಟ್ಟಿ ಸ್ಪ್ರಿಂಗ್ ಕಡಿಮೆ ಕುಗ್ಗುವುದರಿಂದ ಗಾಡಿಗೆ ಹಾಕಿದ ಮೇಲೆ ಎತ್ತರ ಮೊದಲಿನಷ್ಟೇ ಬಂತು. ಬಿಚ್ಚುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಒತ್ತಿಟ್ಟ ಸ್ಪ್ರಿಂಗ್ ಕ್ಲಾಂಪಿನಿಂದ ತಪ್ಪಿಸಿಕೊಂಡರೆ ಮುಖ ಉಳಿಯುವುದಿಲ್ಲ.

ಈಗ ಐದು ಜನ ಕೂತು ಹಾಸನಕ್ಕೆ ಹೋದರೂ ನಿಧಾನಕ್ಕೆ ಹತ್ತಿಸಿದರೆ ಧಡ್ ಅನ್ನುವುದಿಲ್ಲ. ಒಬ್ಬನೇ ಹೋಗುವಾಗ ಫ್ಲೈಓವರ್ ಜಾಯಿಂಟುಗಳ ಮೇಲೆ ಹಿಂಬದಿ ಟಕ್ ಟಕ್ ಅನ್ನುತ್ತದೆ. ಊರಿಂದ ತಂದ ಎರಡು ಮೂಟೆ ತೆಂಗಿನಕಾಯಿ ಡಿಕ್ಕಿಯಲ್ಲೇ ಉಳಿದಿದ್ದ ವಾರ ಅದೂ ಇರಲಿಲ್ಲ.