ಪ್ರಚಾರದ ಆಟೋಗೆ ಎಕೋ ಎಷ್ಟು ಹಾಕಬೇಕು?

ದಾವಣಗೆರೆಯಲ್ಲಿ ಪ್ರಚಾರದ ಆಟೋ ಕೂಗದ ದಿನ ಕಡಿಮೆ. ಆಷಾಢದ ಸೀರೆ ಸೇಲು, ಸರ್ಕಸ್ಸು, ನಾಟಕ ಕಂಪನಿ, ಕಣ್ಣಿನ ತಪಾಸಣೆ ಶಿಬಿರ, ಎಲ್ಲಾ ಊರಿಗೆ ಗೊತ್ತಾಗುವುದು ಆಟೋ ಮೇಲಿನ ಹಾರ್ನ್ ಸ್ಪೀಕರಿನಿಂದಲೇ. ಆ ದನಿಗಳಲ್ಲಿ ಒಂದಷ್ಟು ನನ್ನ ರೂಮಿನಲ್ಲಿ ರೆಕಾರ್ಡ್ ಆದವು. ಸ್ಟುಡಿಯೋ ಅಂತ ಬೋರ್ಡ್ ಇದೆ, ಒಳಗೆ ಇರುವುದು ಒಂದು ಹಳೇ ಕಂಪ್ಯೂಟರ್, ಒಂದು ಮೈಕ್, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಅಜ್ಜಿಯ ಎರಡು ಕೌದಿ. ಸಾಫ್ಟ್‌ವೇರ್ ಆಡಾಸಿಟಿ. ಅದು ಫ್ರೀ.

ಬಂದ ಗಿರಾಕಿ ಮೊದಲು ಹೇಳುವ ಮಾತು ಒಂದೇ: "ಅಣಾ, ಎಕೋ ಜೋರಾಗಿ ಹಾಕ್ರಿ."

ಶುರುವಿನಲ್ಲಿ ನಾನೂ ಹಾಗೇ ಹಾಕುತ್ತಿದ್ದೆ. ಒಂದು ಪಾತ್ರೆ ಅಂಗಡಿಯ ಪ್ರಚಾರ. ಓದಿದವಳು ನಮ್ಮ ಅಕ್ಕ. ಪೂರ್ತಿ ಟ್ರ್ಯಾಕ್ ಸೆಲೆಕ್ಟ್ ಮಾಡಿ, ಎಫೆಕ್ಟ್ ಮೆನುವಿನಲ್ಲಿ ಎಕೋ ಒತ್ತಿ, ಅದರಲ್ಲಿ ಇದ್ದ ಅಂಕಿಯನ್ನೇ ಬಿಟ್ಟು ಓಕೆ ಕೊಟ್ಟೆ. ಡಿಲೇ 1 ಸೆಕೆಂಡ್, ಡಿಕೇ 0.5. ಅಂದರೆ ಪ್ರತಿ ಶಬ್ದವೂ ಒಂದು ಸೆಕೆಂಡ್ ಬಿಟ್ಟು ಅರ್ಧ ದನಿಯಲ್ಲಿ ಮತ್ತೆ ಬರುತ್ತದೆ, ಆಮೇಲೆ ಅದರರ್ಧ, ಹೀಗೇ. ಹೆಡ್‌ಫೋನಿನಲ್ಲಿ ಕೇಳಿ ಖುಷಿಪಟ್ಟೆ, ದೊಡ್ಡ ಸಭಾಂಗಣದಲ್ಲಿ ಮಾತಾಡಿದ ಹಾಗಿತ್ತು. ಮೂರನೇ ದಿನ ಆಟೋದವನು ಬಂದ. "ಸಾರ್, ಫೋನ್ ನಂಬರ್ ಯಾರಿಗೂ ತಿಳೀತಿಲ್ಲ. ಹೆಣ್ಮಕ್ಕಳು ಆಟೋ ನಿಲ್ಸಿ ನಂಬರ್ ಕೇಳ್ತಾರೆ" ಅಂದ. ಅಕ್ಕ ಸೆಕೆಂಡಿಗೆ ಎರಡು ಅಂಕಿ ಓದಿದ್ದಳು. "ಒಂಬತ್ತು" ವಾಪಸ್ ಬರುವಾಗ ಮೂರನೇ ಅಂಕಿ ಶುರುವಾಗಿರುತ್ತಿತ್ತು. ಒಂದರ ಮೇಲೊಂದು ಬಿದ್ದು ನಂಬರ್ ಅನ್ನುವುದೇ ಕಲಸುಮೇಲೋಗರ.

ಎಕೋ ತೆಗೆಯೋಣ ಅಂದರೆ ಆಗಲಿಲ್ಲ. ಪ್ರಾಜೆಕ್ಟ್ ಸೇವ್ ಮಾಡಿ ಮುಚ್ಚಿದ ಮೇಲೆ ಅನ್‌ಡೂ ಇರುವುದಿಲ್ಲ. ಹಾಕಿದ ಎಕೋ ಹಾಲಿಗೆ ಬಿದ್ದ ನೀರಿನ ಹಾಗೆ, ಬೇರೆ ಮಾಡಲು ಬರುವುದಿಲ್ಲ. ಅಕ್ಕ ಮತ್ತೆ ಬಂದು ಓದಿದಳು, ಬೈಯುತ್ತಲೇ. ಅವತ್ತಿನಿಂದ ರೆಕಾರ್ಡಿಂಗ್ ಮುಗಿದ ಕೂಡಲೇ ಕಂಟ್ರೋಲ್ ಡಿ ಒತ್ತಿ ಟ್ರ್ಯಾಕಿನ ಇನ್ನೊಂದು ಪ್ರತಿ ಮಾಡಿಕೊಂಡು, ಮೂಲವನ್ನು ಮ್ಯೂಟ್ ಮಾಡಿ ಕೆಳಗೆ ಇಟ್ಟುಬಿಡುತ್ತೇನೆ. 2022ರಲ್ಲಿ ಬಂದ 3.2 ಆವೃತ್ತಿಯಿಂದ ಟ್ರ್ಯಾಕಿನ ಪಕ್ಕದ ಎಫೆಕ್ಟ್ಸ್ ಬಟನ್‌ನಲ್ಲೇ ಕೆಲವು ಎಫೆಕ್ಟ್ ಸೇರಿಸಿ, ಪ್ಲೇ ಆಗುತ್ತಿರುವಾಗಲೇ ಹೆಚ್ಚು ಕಡಿಮೆ ಮಾಡಬಹುದು, ಮೂಲ ಕೆಡುವುದಿಲ್ಲ. ಆದರೂ ಪ್ರತಿ ಮಾಡುವ ಅಭ್ಯಾಸ ಹೋಗಿಲ್ಲ.

ಆಮೇಲೆ ಒಂದು ಸಂಜೆ ಅದೇ ಆಟೋ ಹಿಂದೆ ಬೈಕಿನಲ್ಲಿ ಹೋದೆ. ಪಿ.ಬಿ. ರಸ್ತೆಯ ಎರಡೂ ಕಡೆ ಕಟ್ಟಡಗಳು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 17 ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಂದರೆ ರಸ್ತೆಯೇ ಪುಕ್ಕಟೆ ಎಕೋ ಹಾಕಿ ಕೊಡುತ್ತಿದೆ. ಅದರ ಮೇಲೆ ನಾನು ಹಾಕಿದ್ದು ಬೆಣ್ಣೆ ದೋಸೆಗೆ ಮತ್ತೆ ಎಣ್ಣೆ ಸುರಿದ ಹಾಗೆ.

ಈಗ ಎಕೋ ಹಾಕುವುದು ಒಂದೆರಡು ಮಾತಿಗೆ ಮಾತ್ರ. "ಬಂದಿದೆ! ಬಂದಿದೆ!" ಅನ್ನುವುದಕ್ಕೆ, ಇಲ್ಲವೇ ಅಂಗಡಿಯ ಹೆಸರಿಗೆ. ಗಿರಾಕಿಗೂ ಸಮಾಧಾನ ಆಗಬೇಕಲ್ವಾ? ಆ ಪದವನ್ನಷ್ಟೇ ಸೆಲೆಕ್ಟ್ ಮಾಡಿ ಕಂಟ್ರೋಲ್ ಡಿ ಕೊಟ್ಟರೆ ಅದು ಅದೇ ಜಾಗದಲ್ಲಿ ಹೊಸ ಟ್ರ್ಯಾಕಾಗಿ ಬರುತ್ತದೆ. ಅದರ ಬಾಲಕ್ಕೆ ಎರಡು ಸೆಕೆಂಡ್ ಸೈಲೆನ್ಸ್ ಸೇರಿಸುತ್ತೇನೆ. ಇದನ್ನು ಮರೆಯಬಾರದು. ಆಡಾಸಿಟಿಯ ಎಕೋ ನಾವು ಸೆಲೆಕ್ಟ್ ಮಾಡಿದಷ್ಟು ಉದ್ದದಲ್ಲೇ ಕೆಲಸ ಮುಗಿಸುತ್ತದೆ. ಮುಂದೆ ಖಾಲಿ ಜಾಗ ಇಲ್ಲದಿದ್ದರೆ ಕೊನೆಯ ಪ್ರತಿಧ್ವನಿ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನಾನು ಇದಕ್ಕಾಗಿ ಒಂದು ವಾರ ಕಂಪ್ಯೂಟರನ್ನೇ ಬೈದಿದ್ದೆ. ಡಿಲೇ 0.3, ಡಿಕೇ 0.3 ಇಟ್ಟುಕೊಳ್ಳುತ್ತೇನೆ. ನಂಬರ್, ವಿಳಾಸ, ತಾರೀಕಿನ ಹತ್ತಿರ ಎಕೋ ಸುಳಿಯುವಂತಿಲ್ಲ.

ಉಳಿದ ಎಫೆಕ್ಟ್‌ಗಳಲ್ಲಿ ಯಾವುದು ಮೊದಲು ಅನ್ನುವುದೇ ಮುಖ್ಯ. ನಮ್ಮ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇದೆ, ಅದರ ಗುಂಯ್ ಅನ್ನುವುದು ಕೌದಿಗೂ ಬಗ್ಗುವುದಿಲ್ಲ. ಹಾಗಾಗಿ ಓದುವ ಮುಂಚೆ ಐದು ಸೆಕೆಂಡ್ ಸುಮ್ನೆ ಕೂರಲು ಹೇಳಿ ಅದನ್ನೂ ರೆಕಾರ್ಡ್ ಮಾಡುತ್ತೇನೆ. ನಾಯ್ಸ್ ರಿಡಕ್ಷನ್‌ನಲ್ಲಿ ಮೊದಲು ಆ ಐದು ಸೆಕೆಂಡನ್ನು ನಾಯ್ಸ್ ಪ್ರೊಫೈಲ್ ಆಗಿ ಕೊಟ್ಟು, ಆಮೇಲೆ ಇಡೀ ಟ್ರ್ಯಾಕ್ ಸೆಲೆಕ್ಟ್ ಮಾಡಿ ಓಡಿಸಬೇಕು. ಗದ್ದಲವನ್ನು 12 ಡಿಬಿ (ಡೆಸಿಬೆಲ್) ತಗ್ಗಿಸಿದರೆ ಸಾಕು. ಒಮ್ಮೆ ಆಸೆಗೆ ಬಿದ್ದು 24 ಇಟ್ಟೆ, ಓದಿದವರು ಕೊಡದೊಳಗೆ ತಲೆ ಹಾಕಿ ಮಾತಾಡಿದಂತಾಯಿತು. ಇದು ಮುಗಿದ ಮೇಲೇ ಕಂಪ್ರೆಸರ್, ಅಂದರೆ ಜೋರು ದನಿಗೂ ಸಣ್ಣ ದನಿಗೂ ಇರುವ ಅಂತರ ಕಡಿಮೆ ಮಾಡುವುದು. ಮೊದಲೇ ಕಂಪ್ರೆಸರ್ ಹಾಕಿ ದನಿ ಏರಿಸಿದರೆ ಸಣ್ಣ ದನಿಯ ಜೊತೆ ಗಿರಣಿಯೂ ಮೇಲೆದ್ದು ಕೂರುತ್ತದೆ. ಮಾತು ಬರುವಾಗ ಹಿನ್ನೆಲೆ ಸಂಗೀತ ತಾನೇ ತಗ್ಗಲು ಆಟೋ ಡಕ್ ಅನ್ನುವ ಎಫೆಕ್ಟ್ ಇದೆ. ಅದಕ್ಕೆ ಮಾತಿನ ಟ್ರ್ಯಾಕ್ ಸಂಗೀತದ ಟ್ರ್ಯಾಕಿನ ಕೆಳಗೇ ಇರಬೇಕು, ಅಷ್ಟೇ.

ಇನ್ನು ಬೇಸ್, ಅಂದರೆ ತಗ್ಗು ಶ್ರುತಿಯ ದನಿ. ಹಾರ್ನಿನಲ್ಲಿ 300 ಹರ್ಟ್ಜ್‌ಗಿಂತ ಕೆಳಗಿನದು ಹೊರಗೆ ಬರುವುದೇ ಕಮ್ಮಿ, ಸುಮ್ನೆ ಆಂಪ್ಲಿಫೈಯರ್ ದಣಿಯುತ್ತದೆ. ಹೈ ಪಾಸ್ ಫಿಲ್ಟರಿನಿಂದ ಅದನ್ನು ಕತ್ತರಿಸಿ ಬಿಸಾಕುತ್ತೇನೆ. ಇದು ಗೊತ್ತಿದ್ದೂ ನಾಟಕ ಕಂಪನಿಯ ಕೆಲಸದಲ್ಲಿ ಎಡವಿದೆ.

ಅವರಿಗೆ ಪ್ರಚಾರದ ಶುರುವಿನಲ್ಲಿ ಗುಡುಗು ಬೇಕಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಕೂತಿದ್ದೆ. ಜೊತೆಗೆ ಬಂದಿದ್ದ ಹಿರಿಯ ಕಲಾವಿದರು ನಕ್ಕರು. "ಗುಡುಗಿಗೆ ಕಂಪ್ಯೂಟರ್ ಯಾಕೋ ತಮ್ಮಾ? ಒಂದು ತಗಡು ತಗೊಂಡು ಬಾ." ಪಕ್ಕದ ಗ್ಯಾರೇಜಿನಿಂದ ತೆಳು ತಗಡಿನ ಶೀಟ್ ತಂದೆ. ಅವರು ಒಂದು ತುದಿ ಎರಡೂ ಕೈಯಲ್ಲಿ ಹಿಡಿದು, ಮೊದಲು ಮೆಲ್ಲಗೆ ನಡುಗಿಸಿ, ಆಮೇಲೆ ಒಂದೇ ಸಲ ಝಾಡಿಸಿದರು. ರೂಮೇ ಅದುರಿತು. ದನಿ ಮಿತಿ ಮೀರಿ ಕಂಪ್ಯೂಟರಿನ ಮೀಟರ್ ಕೆಂಪಗಾಯಿತು. ಮೈಕನ್ನು ಬಾಗಿಲಾಚೆ ಇಟ್ಟು ಮತ್ತೆ ರೆಕಾರ್ಡ್ ಮಾಡಿದೆವು.

ನಾನು ನನ್ನ ಜಾಣತನ ತೋರಿಸಿದೆ. ಸ್ಪೀಡ್ ಅರ್ಧಕ್ಕೆ ಇಳಿಸಿದೆ. ಉದ್ದ ಎರಡರಷ್ಟು, ಶ್ರುತಿ ಒಂದು ಸ್ಥಾಯಿ ಕೆಳಕ್ಕೆ. ಹಿಂದೆ ಸ್ವಲ್ಪ ರಿವರ್ಬ್, ಅಂದರೆ ದೊಡ್ಡ ಸಭಾಂಗಣದ ಗುಂಗು. ಹೆಡ್‌ಫೋನಿನಲ್ಲಿ ಮೈ ಜುಮ್ ಅಂತು. ಮರುದಿನ ಆಟೋ ನಮ್ಮ ಬಾಗಿಲ ಮುಂದೆಯೇ ನಿಂತು ಅದನ್ನು ಹಾಕಿತು. ಕೆಳಗಿನ ಗಡಗಡ ಪೂರಾ ಮಾಯ, ಉಳಿದಿದ್ದು ಬರೀ ಚಟಪಟ. ಹಿರಿಯರು ಕಿವಿಗೊಟ್ಟು ಕೇಳಿ, "ಗುಡುಗಲ್ಲಪ್ಪ ಇದು, ಭಟ್ಟಿಯಾಗೆ ಮಂಡಕ್ಕಿ ಹುರಿದಂಗೈತಿ" ಅಂದರು.

ಮ್ಯೂಟ್ ಮಾಡಿ ಇಟ್ಟಿದ್ದ ಮೂಲ ಟ್ರ್ಯಾಕ್ ಆಗ ಕೆಲಸಕ್ಕೆ ಬಂತು. ಸ್ಪೀಡ್ ಇಳಿಸಲಿಲ್ಲ, ರಿವರ್ಬ್ ಇಲ್ಲ. ತಗಡಿನ ಝಣ್ ಅನ್ನುವ ಭಾಗ ಎದ್ದು ಬರಲೆಂದು ಈಕ್ವಲೈಸರಿನಲ್ಲಿ 1ರಿಂದ 3 ಕಿಲೋಹರ್ಟ್ಜ್ ತನಕ ಸ್ವಲ್ಪ ಏರಿಸಿ, ದನಿ ಮಿತಿ ದಾಟದಂತೆ ಲಿಮಿಟರ್ ಹಾಕಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಬರೀ ತಗಡು. ಹಾರ್ನಿಗೆ ಹಾಕಿದರೆ ಎದುರಿನ ಅಂಗಡಿಯವರು ಮೇಲೆ ನೋಡಿದರು.

ನಿಧಾನದ ಗುಡುಗನ್ನೂ ಹಿರಿಯರು ಬಿಡಲಿಲ್ಲ. ಟೆಂಟಿನಲ್ಲಿ ದೊಡ್ಡ ಬಾಕ್ಸ್ ಇದೆ, ಅಲ್ಲಿಗೆ ಬೇಕು ಅಂತ ಪೆನ್‌ಡ್ರೈವಿಗೆ ಹಾಕಿಸಿಕೊಂಡರು. ನನ್ನ ಫೋಲ್ಡರಿನಲ್ಲಿ ಈಗಲೂ ಎರಡೂ ಇವೆ, "ಆಟೋ ಗುಡುಗು", "ಟೆಂಟ್ ಗುಡುಗು" ಅಂತ.