ಗೂಗಲ್ ಲಾಗಿನ್ ಆಗ್ತಿಲ್ವಾ? ಆ್ಯಪ್ ತೆಗೆಯಬೇಡಿ, ಮೊದಲು ಅಕೌಂಟ್ ಹುಡುಕಿ

ಕೋಲಾರದ ಡೂಂ ಲೈಟ್ ಸರ್ಕಲ್ ಸುತ್ತಮುತ್ತ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ‘ಆ್ಯಪ್ ಮತ್ತೆ ಲಾಗಿನ್ ಕೇಳ್ತಿದೆ, ಸ್ವಲ್ಪ ನೋಡಪ್ಪ’ ಎಂಬ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯ ಹುಡುಗ ಆ್ಯಪ್ ತೆಗೆದು ಮತ್ತೆ ಹಾಕುತ್ತಾನೆ. ಅದರಿಂದ ಆಗಲಿಲ್ಲ ಅಂದರೆ ಹೊಸ ಜಿಮೇಲ್ ಮಾಡಿಕೊಡುತ್ತಾನೆ. ಆ್ಯಪ್ ತೆರೆಯುತ್ತದೆ, ಆದರೆ ಒಳಗೆ ಏನೂ ಇರುವುದಿಲ್ಲ. ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗಿ ದುಡ್ಡು ಕಟ್ಟಿದ್ದ ಟೆಸ್ಟ್ ಸರಣಿ ಕಾಣುವುದಿಲ್ಲ. ಟೊಮೆಟೊ ಬೆಳೆಯುವವರು ಔಷಧಿ, ಕೂಲಿ, ಬಾಡಿಗೆ ಎಂದು ಬರೆದಿಟ್ಟಿದ್ದ ಖರ್ಚಿನ ಲೆಕ್ಕವೂ ಕಾಣುವುದಿಲ್ಲ.

ಹೆಚ್ಚಿನ ಸಲ ಅದು ಎಲ್ಲಿಯೂ ಹೋಗಿರುವುದಿಲ್ಲ. ಹಳೆಯ ಅಕೌಂಟಿನಲ್ಲಿ ಭದ್ರವಾಗಿ ಕೂತಿರುತ್ತದೆ. ನಾವು ಬೇರೆ ಅಕೌಂಟಿನಿಂದ ಒಳಗೆ ಹೋಗಿರುತ್ತೇವೆ, ಅಷ್ಟೇ. ಲಾಗಿನ್ ತೊಂದರೆ ಎಂದು ನನ್ನ ಹತ್ತಿರ ಬರುವ ಫೋನ್‌ಗಳಲ್ಲಿ ಜಾಸ್ತಿ ಕಾಣುವುದು ಇದೇ. ಹಾಗಾಗಿ ಈ ಲೇಖನದಲ್ಲಿ ಹೆಚ್ಚು ಜಾಗ ಅಕೌಂಟ್ ಹುಡುಕುವುದಕ್ಕೇ ಹೋಗಿದೆ.

ಮೊದಲು ಒಂದು ವಿಷಯ ತಿಳಿದಿರಲಿ. ಯಾವುದಾದರೂ ಆ್ಯಪ್‌ನ ಲಾಗಿನ್ ಪುಟದಲ್ಲಿ ‘ಕಂಟಿನ್ಯೂ ವಿತ್ ಗೂಗಲ್’ ಬಟನ್ ಒತ್ತಿದಾಗ ನಿಮ್ಮ ಪಾಸ್‌ವರ್ಡ್ ಆ ಆ್ಯಪ್‌ಗೆ ಹೋಗುವುದಿಲ್ಲ. ಗೂಗಲ್ ಅದಕ್ಕೆ ಟೋಕನ್ ಕೊಡುತ್ತದೆ. ಎಪಿಎಂಸಿ ಗೇಟಿನಲ್ಲಿ ಕೊಡುವ ಪಾಸ್ ಇದ್ದ ಹಾಗೆ. ಒಳಗೆ ಬಿಡುತ್ತದೆ, ಆದರೆ ಅದಕ್ಕೆ ಅವಧಿ ಇರುತ್ತದೆ, ಕೊಟ್ಟವರು ರದ್ದೂ ಮಾಡಬಹುದು. ಈ ಪದ್ಧತಿಯ ಹೆಸರು ಓಆತ್. ಈಗ ಬಳಕೆಯಲ್ಲಿರುವ ಓಆತ್ 2.0 ನಿಯಮಗಳು 2012ರಲ್ಲಿ ಬಂದವು. ಚೆನ್ನಾಗಿದ್ದ ಆ್ಯಪ್ ಒಂದು ದಿನ ಇದ್ದಕ್ಕಿದ್ದಂತೆ ಲಾಗಿನ್ ಕೇಳಿದರೆ ಗಾಬರಿ ಬೇಡ. ಟೋಕನ್ ಮುಗಿದಿರಬಹುದು. ಗೂಗಲ್‌ನಲ್ಲಿ ಆರು ತಿಂಗಳು ಬಳಸದ ಟೋಕನ್ ಕೆಲಸ ನಿಲ್ಲಿಸುತ್ತದೆ. ನಿಮ್ಮ ಜಿಮೇಲ್ ಓದಲು ಅನುಮತಿ ಪಡೆದ ಆ್ಯಪ್‌ಗಳ ಟೋಕನ್ ಪಾಸ್‌ವರ್ಡ್ ಬದಲಿಸಿದ ಕೂಡಲೇ ರದ್ದಾಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್‌ನ ಟೋಕನ್‌ಗಳು ಕಳ್ಳರ ಕೈಗೆ ಸಿಕ್ಕಿದ್ದವು. ಆಗ ಕಂಪನಿ ಸುಮಾರು 9 ಕೋಟಿ ಅಕೌಂಟುಗಳನ್ನು ತಾನೇ ಲಾಗೌಟ್ ಮಾಡಿಸಿತು.

ಹಂತ 1: ಪರದೆಯ ಮೇಲೆ ಬಂದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಬೇಕಾಗುತ್ತದೆ.

ಹಂತ 2: ಫೋನಿನ ದಿನಾಂಕ, ಸಮಯ ನೋಡಿ. ‘ಆಟೊಮ್ಯಾಟಿಕ್’ ಎಂದಿರಲಿ. ಆಟದಲ್ಲಿ ಬೇಗ ಲೈಫ್ ಸಿಗಲಿ ಎಂದು ಮಕ್ಕಳು ಗಡಿಯಾರ ಮುಂದಕ್ಕೆ ತಿರುಗಿಸಿರುತ್ತಾರೆ. ಟೋಕನ್‌ಗಳ ಮೇಲೆ ಸಮಯ ಬರೆದಿರುತ್ತದೆ. ಫೋನಿನ ಸಮಯ ತಪ್ಪಿದ್ದರೆ ಒಪ್ಪಿಗೆ ಸಿಗುವುದಿಲ್ಲ. ವಿಪಿಎನ್ (ನೀವು ಇರುವ ಜಾಗ ಮರೆಮಾಡುವ ಆ್ಯಪ್) ಇದ್ದರೆ ಆಫ್ ಮಾಡಿ. ಪ್ಲೇ ಸ್ಟೋರ್‌ಗೆ ಹೋಗಿ ಆ್ಯಪ್ ಜೊತೆ ಕ್ರೋಮ್ ಮತ್ತು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ (ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಭಾಗ) ಎರಡನ್ನೂ ಅಪ್‌ಡೇಟ್ ಮಾಡಿ.

ಹಂತ 3: ಯಾವ ಅಕೌಂಟಿನಿಂದ ಶುರು ಮಾಡಿದ್ದಿರಿ ಎಂದು ಪತ್ತೆ ಹಚ್ಚಿ

ಇಲ್ಲಿ ಅವಸರ ಬೇಡ. ಅನ್‌ಇನ್‌ಸ್ಟಾಲ್ ಬೇಡ, ‘ಕ್ಲಿಯರ್ ಡೇಟಾ’ ಬೇಡ, ಹೊಸ ಜಿಮೇಲ್ ಅಂತೂ ಬೇಡವೇ ಬೇಡ. ಕೆಲವು ಆ್ಯಪ್‌ಗಳು ಲೆಕ್ಕವನ್ನೆಲ್ಲ ಫೋನಿನಲ್ಲೇ ಇಟ್ಟುಕೊಂಡಿರುತ್ತವೆ. ಡೇಟಾ ಅಳಿಸಿದರೆ ಅದು ಹೋಯಿತು ಎಂದೇ ಅರ್ಥ.

ಮನೆಯಲ್ಲಿ ಹಳೆಯ ಫೋನ್ ಇದೆಯಾ? ಪರದೆ ಒಡೆದು ಮೂಲೆ ಸೇರಿದ್ದರೂ ಚಾರ್ಜ್ ಹಾಕಿ. ಆ ಆ್ಯಪ್ ಅಲ್ಲಿ ಇನ್ನೂ ತೆರೆಯುತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಅದರ ಪ್ರೊಫೈಲ್ ಪುಟದಲ್ಲಿ ಇಮೇಲ್ ಅಥವಾ ಫೋನ್ ನಂಬರ್ ಕಾಣುತ್ತದೆ. ಬರೆದುಕೊಳ್ಳಿ. ಹೊಸ ಫೋನಿನಲ್ಲಿ ಎಲ್ಲಾ ಸರಿಯಾಗುವವರೆಗೆ ಹಳೆಯದರಲ್ಲಿ ಲಾಗೌಟ್ ಒತ್ತಬೇಡಿ.

ಹಳೆಯ ಫೋನ್ ಇಲ್ಲದಿದ್ದರೆ ಗೂಗಲ್‌ನ ಪಟ್ಟಿಯನ್ನೇ ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್’ ಒತ್ತಿ. ಮೇಲೆ ನಿಮ್ಮ ಹೆಸರಿನ ಪಕ್ಕ ಸಣ್ಣ ಬಾಣ ಇರುತ್ತದೆ. ಅದನ್ನು ಒತ್ತಿದರೆ ಫೋನಿನಲ್ಲಿರುವ ಎಲ್ಲಾ ಜಿಮೇಲ್‌ಗಳು ಕಾಣುತ್ತವೆ. ಒಂದೇ ಫೋನಿನಲ್ಲಿ ಮೂರು ನಾಲ್ಕು ಇರುವುದು ಸಾಮಾನ್ಯ. ನಿಮ್ಮದು, ಮಗನದು, ಫೋನ್ ಕೊಂಡ ದಿನ ಅಂಗಡಿಯವರು ಮಾಡಿಕೊಟ್ಟಿದ್ದು. ಒಂದನ್ನು ಆರಿಸಿ, ‘ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್’ ಒಳಗೆ ‘ಸೆಕ್ಯುರಿಟಿ’ ಭಾಗಕ್ಕೆ ಹೋಗಿ. ಕೆಳಗೆ ಬಂದರೆ ಥರ್ಡ್ ಪಾರ್ಟಿ ಆ್ಯಪ್‌ಗಳ (ಅಂದರೆ ಬೇರೆಯವರು ಮಾಡಿದ ಆ್ಯಪ್‌ಗಳ) ಕನೆಕ್ಷನ್ ಎಂಬ ಸಾಲು ಸಿಗುತ್ತದೆ. ಆ ಅಕೌಂಟಿನಿಂದ ನೀವು ಲಾಗಿನ್ ಆಗಿರುವ ಆ್ಯಪ್‌ಗಳ ಹೆಸರು ಅಲ್ಲಿರುತ್ತವೆ. ನಿಮ್ಮ ಆ್ಯಪ್ ಇಲ್ಲದಿದ್ದರೆ ಮುಂದಿನ ಜಿಮೇಲ್ ಆರಿಸಿ ಇದೇ ದಾರಿಯಲ್ಲಿ ಹೋಗಿ. ಬೇಜಾರಿನ ಕೆಲಸ, ನಿಜ. ಆದರೆ ಇಷ್ಟು ಖಚಿತವಾದ ದಾರಿ ಬೇರೆ ಇಲ್ಲ.

ಪಟ್ಟಿಯಲ್ಲಿ ಸಿಗಲಿಲ್ಲವೇ? ಒಂದೊಂದೇ ಜಿಮೇಲ್ ತೆರೆದು ಆ್ಯಪ್ ಹೆಸರು ಹಾಕಿ ಹುಡುಕಿ. ಸ್ವಾಗತದ ಮೇಲ್, ರಸೀದಿ, ಆಫರ್ ಏನಾದರೂ ಬಂದೇ ಇರುತ್ತದೆ. ಸ್ಪ್ಯಾಮ್ ಮತ್ತು ‘ಪ್ರಮೋಷನ್ಸ್’ ಎರಡೂ ನೋಡಿ. ದುಡ್ಡು ಕಟ್ಟಿದ್ದರೆ ಇನ್ನೂ ಸುಲಭ. ಯುಪಿಐ ಆ್ಯಪ್‌ನ ಹಿಸ್ಟರಿಯಲ್ಲಿ ಕಟ್ಟಿದ ತಾರೀಖು ಸಿಗುತ್ತದೆ. ಆ ತಾರೀಖಿನ ಮೇಲ್‌ಗಳನ್ನು ಎಲ್ಲಾ ಅಕೌಂಟುಗಳಲ್ಲೂ ನೋಡಿ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿ ಪ್ರೊಫೈಲ್ ಚಿತ್ರ ಒತ್ತಿ ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ನೋಡಿ. ಒಂದು ಎಚ್ಚರ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕಟ್ಟಿದ ಜಿಮೇಲ್ ಬೇರೆ, ಆ್ಯಪ್ ಒಳಗೆ ಲಾಗಿನ್ ಆದ ಜಿಮೇಲ್ ಬೇರೆ ಇರಬಹುದು. ಎರಡನ್ನೂ ಬರೆದಿಡಿ.

ಫೇಸ್‌ಬುಕ್‌ನಿಂದ ಹೋಗಿದ್ದಿರಾ? ಅದರ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್’ ಇದೆ. 90 ದಿನ ಬಳಸದ ಆ್ಯಪ್‌ಗಳು ಅಲ್ಲಿ ಅವಧಿ ಮುಗಿದವುಗಳ ಸಾಲಿಗೆ ಹೋಗುತ್ತವೆ. ಅಲ್ಲೂ ಕಣ್ಣಾಡಿಸಿ. ನನ್ನನ್ನು ಕೇಳಿದರೆ ಫೇಸ್‌ಬುಕ್ ಲಾಗಿನ್ ಬೇಡವೇ ಬೇಡ. ಹಲವರ ಫೇಸ್‌ಬುಕ್ ಅಕೌಂಟಿನಲ್ಲಿ ಎಂದೋ ಬಿಟ್ಟ ನಂಬರ್, ಸುಳ್ಳು ಹುಟ್ಟಿದ ದಿನ ಇರುತ್ತದೆ. ಅದು ಒಮ್ಮೆ ಲಾಕ್ ಆದರೆ ಬಿಡಿಸುವುದು ಕಷ್ಟ, ಅದಕ್ಕೆ ಕಟ್ಟಿಕೊಂಡ ಆ್ಯಪ್‌ಗಳೂ ಜೊತೆಗೇ ಹೋಗುತ್ತವೆ.

ಐಫೋನ್ ಇರುವವರು ‘ಸೈನ್ ಇನ್ ವಿತ್ ಆಪಲ್’ ಒತ್ತಿ ‘ಹೈಡ್ ಮೈ ಇಮೇಲ್’ ಆರಿಸಿದ್ದರೆ ಆ್ಯಪ್‌ಗೆ ನಿಮ್ಮ ನಿಜವಾದ ಇಮೇಲ್ ಗೊತ್ತೇ ಇರುವುದಿಲ್ಲ. ಆಪಲ್ ಒಂದು ಬದಲಿ ವಿಳಾಸ ಮಾಡಿ ಕೊಟ್ಟಿರುತ್ತದೆ. ಅಂಥವರು ಐಫೋನ್ ಬಿಟ್ಟು ಆಂಡ್ರಾಯ್ಡ್ ಕೊಂಡು, ಅದೇ ಆ್ಯಪ್‌ಗೆ ಜಿಮೇಲ್‌ನಿಂದ ಹೋದರೆ ಹೊಸಬರಾಗಿಯೇ ಕಾಣುತ್ತಾರೆ. ಫೋನ್ ಮಾರುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ‘ಸೈನ್ ಇನ್ ವಿತ್ ಆಪಲ್’ ಪಟ್ಟಿ ನೋಡಿ ಆ ವಿಳಾಸ ಬರೆದುಕೊಳ್ಳಿ.

ಅಕೌಂಟ್ ಸಿಕ್ಕಿತಾ? ಈಗ ಆ್ಯಪ್ ಒಳಗಿಂದ ಸರಿಯಾಗಿ ಲಾಗೌಟ್ ಆಗಿ, ಮತ್ತೆ ಗೂಗಲ್ ಬಟನ್ ಒತ್ತಿ, ಪಟ್ಟಿಯಲ್ಲಿ ಆ ಅಕೌಂಟನ್ನೇ ಆರಿಸಿ. ಕೆಲವು ಆ್ಯಪ್‌ಗಳು ಕೇಳದೇ ಹಿಂದಿನ ಅಕೌಂಟನ್ನೇ ಹಿಡಿದುಕೊಳ್ಳುತ್ತವೆ. ಲೆಕ್ಕವೆಲ್ಲ ಆನ್‌ಲೈನ್‌ನಲ್ಲಿದೆ ಎಂದು ಖಾತ್ರಿ ಇದ್ದರೆ ಮಾತ್ರ ಆಗ ಡೇಟಾ ಕ್ಲಿಯರ್ ಮಾಡಬಹುದು.

ಅಂಗಡಿಯವರು ಮಾಡಿಕೊಟ್ಟ ಜಿಮೇಲ್ ಆಗಿದ್ದರೆ ಇವತ್ತೇ ಅದರ ರಿಕವರಿ ಫೋನ್ ನಂಬರ್ ನೋಡಿ. ಅಲ್ಲಿ ಅಂಗಡಿಯವರದೇ ನಂಬರ್ ಇರುವುದುಂಟು. ತೆಗೆದು ನಿಮ್ಮದು ಹಾಕಿ, ಪಾಸ್‌ವರ್ಡ್ ಬದಲಿಸಿ.

ಹಂತ 4: ಅಕೌಂಟ್ ಸರಿಯಿದ್ದರೂ ಆಗದಿದ್ದರೆ ಸಂದೇಶ ಓದಿ

‘ಡಿಸ್‌ಅಲೋಡ್ ಯೂಸರ್‌ಏಜೆಂಟ್’ ಅಥವಾ ಬ್ರೌಸರ್ ಸುರಕ್ಷಿತವಲ್ಲ ಎಂದು ಬಂದರೆ ಲಿಂಕನ್ನು ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಒಳಗೇ ತೆರೆದಿದ್ದೀರಿ. ಬೇರೆ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಕದಿಯುವುದು ಸುಲಭ. ಅದಕ್ಕೇ ಗೂಗಲ್ 2017ರಲ್ಲಿ ಅಂಥ ಲಾಗಿನ್ ತಡೆಯಿತು. ಮೂರು ಚುಕ್ಕಿ ಒತ್ತಿ ಕ್ರೋಮ್‌ನಲ್ಲಿ ತೆರೆಯಿರಿ, ಸಾಕು.

ಈ ಇಮೇಲ್‌ನಲ್ಲಿ ಈಗಾಗಲೇ ಅಕೌಂಟ್ ಇದೆ ಎಂದು ಬಂದರೆ ಸಂತೋಷಪಡಿ. ಹಿಂದೆ ಗೂಗಲ್ ಬಟನ್ ಬಿಟ್ಟು, ಅದೇ ಇಮೇಲ್‌ಗೆ ಪಾಸ್‌ವರ್ಡ್ ಹಾಕಿ ಬಂದಿದ್ದಿರಿ. ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದರೆ ಅದೇ ಜಿಮೇಲ್‌ಗೆ ಲಿಂಕ್ ಬರುತ್ತದೆ.

‘ಅಡ್ಮಿನ್ ಪಾಲಿಸಿ’ ಎಂದಿದ್ದರೆ ಅದು ಕಂಪನಿ ಅಥವಾ ಕಾಲೇಜು ಕೊಟ್ಟ ಅಕೌಂಟ್. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಡೆ ಕೆಲಸ ಮಾಡುವವರ ಫೋನಿನಲ್ಲಿ ಇದನ್ನು ನೋಡುತ್ತಿರುತ್ತೇನೆ. ಕಂಪನಿಯ ಐಟಿಯವರು ಬಿಡದೆ ಆ ಬಾಗಿಲು ತೆರೆಯುವುದಿಲ್ಲ. ಸ್ವಂತ ಕೆಲಸದ ಆ್ಯಪ್‌ಗೆ ಸ್ವಂತ ಜಿಮೇಲ್ ಬಳಸಿ. ಕೆಲಸ ಬಿಟ್ಟ ದಿನ ಆ ಅಕೌಂಟ್ ನಿಮ್ಮದಾಗಿರುವುದಿಲ್ಲ.

‘ರಿಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’, ‘ಡೆವಲಪರ್ ಎರರ್’ ಅಥವಾ ‘ಕೋಡ್ 10’ ಬಂದರೆ ನೀವು ಮಾಡುವಂಥದ್ದು ಏನೂ ಇಲ್ಲ. ಆ್ಯಪ್ ಮಾಡಿದವರ ಸೆಟ್ಟಿಂಗ್ ತಪ್ಪಾಗಿದೆ. ಆದರೆ ಆ್ಯಪ್ ಎಲ್ಲಿಂದ ಬಂತು ಎಂದು ಒಮ್ಮೆ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ, ‘ಪ್ರೀಮಿಯಂ ಫ್ರೀ’ ಎನ್ನುವ ಮಾಡ್ ಎಪಿಕೆ (ಬೇರೆಯವರು ತಿದ್ದಿದ ಆ್ಯಪ್ ಫೈಲ್) ಹಾಕಿಕೊಂಡಿದ್ದರೆ ಗೂಗಲ್ ಲಾಗಿನ್ ಸಾಮಾನ್ಯವಾಗಿ ಆಗುವುದಿಲ್ಲ. ಗೂಗಲ್ ಆ್ಯಪ್‌ನ ಡಿಜಿಟಲ್ ಸಹಿ ನೋಡುತ್ತದೆ. ತಿದ್ದಿದ ಆ್ಯಪ್‌ನಲ್ಲಿ ಮೂಲ ಸಹಿ ಇರುವುದಿಲ್ಲ. ಅದನ್ನು ತೆಗೆದುಹಾಕಿ, ಪ್ಲೇ ಸ್ಟೋರ್‌ನಿಂದ ಅಸಲಿಯನ್ನೇ ಹಾಕಿ. ‘ಲಾಗಿನ್ ಫಿಕ್ಸರ್’, ‘ಫೋನ್ ಬೂಸ್ಟರ್’, ‘ಕ್ಲೀನರ್’ ಇವೂ ಬೇಡ. ಒಟಿಪಿ ನೋಡಲು ನೀವು ಮೆಸೇಜ್ ತೆರೆದ ಹೊತ್ತಿಗೆ ಹಿನ್ನೆಲೆಯಲ್ಲಿರುವ ನಿಮ್ಮ ಆ್ಯಪನ್ನು ಕ್ಲೀನರ್ ಮುಚ್ಚಿಬಿಡುತ್ತದೆ, ಲಾಗಿನ್ ಮತ್ತೆ ಮೊದಲಿನಿಂದ. ಬ್ಯಾಟರಿ ಸೇವರ್‌ನಿಂದಲೂ ಹೀಗಾಗುತ್ತದೆ. ಲಾಗಿನ್ ಮುಗಿಯುವವರೆಗೆ ಆಫ್ ಮಾಡಿ.

ಕಂಪ್ಯೂಟರ್‌ನಲ್ಲಿ ಗೂಗಲ್ ಕಿಟಕಿ ಬಂದು ಮಾಯವಾದರೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಪಾಪ್‌ಅಪ್ (ತಾನಾಗಿ ತೆರೆಯುವ ಕಿಟಕಿ) ಮತ್ತು ಥರ್ಡ್ ಪಾರ್ಟಿ ಕುಕೀಸ್ (ಬೇರೆ ಸೈಟುಗಳು ಬ್ರೌಸರ್‌ನಲ್ಲಿ ಇಡುವ ಗುರುತು) ತಡೆ ಆ ಸೈಟಿನ ಮಟ್ಟಿಗೆ ಸಡಿಲಿಸಿ.

ಹಂತ 5: ಲಾಗಿನ್ ಆಗುತ್ತದೆ, ಆದರೆ ಬ್ಯಾಕಪ್ ಆಗುವುದಿಲ್ಲ ಎನ್ನುವವರಿಗೆ. ಅನುಮತಿ ಕೇಳುವ ಪುಟದಲ್ಲಿ ಡ್ರೈವ್ (ಗೂಗಲ್‌ನಲ್ಲಿ ಬ್ಯಾಕಪ್ ಇಡುವ ಜಾಗ), ಕಾಂಟ್ಯಾಕ್ಟ್ಸ್ ಎಂದು ಬೇರೆ ಬೇರೆ ಚೌಕಗಳಿರುತ್ತವೆ. ಓದದೆ ‘ಕಂಟಿನ್ಯೂ’ ಒತ್ತಿ ಡ್ರೈವ್ ಚೌಕ ಖಾಲಿ ಬಿಟ್ಟಿರುತ್ತೀರಿ. ಹಂತ 3ರ ಪಟ್ಟಿಯಲ್ಲಿ ಆ ಆ್ಯಪ್‌ನ ಸಂಪರ್ಕ ತೆಗೆದು ಮತ್ತೆ ಲಾಗಿನ್ ಆಗಿ. ಹೀಗೆ ತೆಗೆದರೆ ಟೋಕನ್ ಮಾತ್ರ ರದ್ದಾಗುತ್ತದೆ, ಆ್ಯಪ್‌ನವರ ಹತ್ತಿರ ಇರುವ ನಿಮ್ಮ ಖಾತೆ ಅಳಿಯುವುದಿಲ್ಲ. ಈ ಸಲ ಚೌಕ ನೋಡಿ ಟಿಕ್ ಮಾಡಿ. ಟಾರ್ಚ್ ಆ್ಯಪ್ ನಿಮ್ಮ ಜಿಮೇಲ್ ಓದಲು ಕೇಳಿದರೆ ಮಾತ್ರ ಅಲ್ಲಿಂದಲೇ ಹಿಂದೆ ಬನ್ನಿ.

ಹಂತ 6: ಜಿಮೇಲೇ ತೆರೆಯುತ್ತಿಲ್ಲ ಅಂದರೆ

ಗೂಗಲ್‌ನ ಅಕೌಂಟ್ ರಿಕವರಿ ಪುಟ ಒಂದೇ ದಾರಿ. ಹಿಂದೆ ಬಳಸುತ್ತಿದ್ದ ಫೋನ್, ಅದೇ ಬ್ರೌಸರ್, ಮನೆಯ ಅದೇ ವೈಫೈ ಇದ್ದರೆ ಒಪ್ಪಿಗೆ ಸಿಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಅಂಗಡಿಯಲ್ಲಿ ಕೂತು ಮಾಡಬೇಡಿ, ಮನೆಯಲ್ಲಿ ಮಾಡಿ. ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡುವ ಬದಲು ನೆನಪಿನಲ್ಲಿರುವ ಹತ್ತಿರದ ಉತ್ತರ ಕೊಡಿ. ಎರಡು ವರ್ಷ ಮುಟ್ಟದ ಜಿಮೇಲ್‌ಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ. ಬಹಳ ಹಳೆಯದಾದರೆ ಸಿಗದೇ ಇರಬಹುದು.

ಕಳೆದುಹೋದ ಜಿಮೇಲ್ ಬಿಡಿಸಿಕೊಡಲು ಗೂಗಲ್‌ನವರು ಫೋನ್ ಮಾಡುವುದಿಲ್ಲ. ನೆಟ್‌ನಲ್ಲಿ ಸಿಗುವ ‘ಗೂಗಲ್ ಕಸ್ಟಮರ್ ಕೇರ್’ ನಂಬರ್‌ಗಳನ್ನು ನಂಬಬೇಡಿ. ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ ಕಾಲ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಜಿಮೇಲ್ ಸಿಕ್ಕವರು ಟೂ ಸ್ಟೆಪ್ ವೆರಿಫಿಕೇಷನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಪರಿಶೀಲನೆ) ಆನ್ ಮಾಡಿ, ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಜೊತೆ ಇಡಿ. ಜಿಮೇಲ್ ಸಿಗದವರು ಆ್ಯಪ್‌ನವರಿಗೆ ಬೇರೆ ಇಮೇಲ್‌ನಿಂದ ಬರೆಯಿರಿ. ಹಳೆಯ ಇಮೇಲ್ ವಿಳಾಸ, ದುಡ್ಡು ಕಟ್ಟಿದ ತಾರೀಖು, ಯುಪಿಐ ವಹಿವಾಟಿನ ನಂಬರ್, ಮೊದಲ ಹಂತದ ಸ್ಕ್ರೀನ್‌ಶಾಟ್ ನಾಲ್ಕೂ ಸೇರಿಸಿ. ಒಟಿಪಿ, ಪಾಸ್‌ವರ್ಡ್, ಕಾರ್ಡ್ ನಂಬರ್ ಬರೆಯಬೇಡಿ. ಖಾತೆಯನ್ನು ಹೊಸ ಇಮೇಲ್‌ಗೆ ಬದಲಿಸಿಕೊಡಿ ಎಂದು ಒಂದೇ ಸಾಲಿನಲ್ಲಿ ಕೇಳಿ.