ಪುಡಿ ಸರಿಯಿತ್ತು, ಸೀಸೆಯೊಳಗಿದ್ದದ್ದೇ ಬೇರೆ

ಶಿರಸಿಯ ನಮ್ಮ ಲ್ಯಾಬಿಗೆ ಬಂದ ನೆಲಬೇವಿನ ಪುಡಿಯಲ್ಲಿ ಆ ಗಿಡದ ಮುಖ್ಯ ಕಹಿ ಅಂಶವಾದ ಆಂಡ್ರೋಗ್ರಾಫೊಲೈಡ್ ಇಲ್ಲವೇ ಇಲ್ಲ ಎನ್ನುತ್ತಿತ್ತು ಅಂಶಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗ್ರಾಫಿನಲ್ಲಿ ಒಂದು ಪೀಕ್ ಆಗಿ ತೋರಿಸುವ ಯಂತ್ರ, ಎಚ್‌ಪಿಎಲ್‌ಸಿ. ನಾಲಿಗೆಗೆ ಚೂರು ತಾಗಿಸಿದರೆ ಕಹಿ ನೆತ್ತಿಗೇರುವ ಪುಡಿ ಅದು! ಆದರೂ ಎಲ್ಲರ ಅನುಮಾನ ಪುಡಿ ಕೊಟ್ಟವರ ಮೇಲೆ. ನನ್ನದು ಸ್ಟ್ಯಾಂಡರ್ಡ್ ಸೀಸೆಯ ಮೇಲೆ, ಅಂದರೆ ಹೋಲಿಕೆಗೆಂದು ತರಿಸಿದ ಶುದ್ಧ ಆಂಡ್ರೋಗ್ರಾಫೊಲೈಡ್ ಎಂಬ ಹೆಸರಿನ ಸೀಸೆಯ ಮೇಲೆ.

ಸ್ಟ್ಯಾಂಡರ್ಡ್ ಪೀಕ್‌ನ ಯುವಿ ಸ್ಪೆಕ್ಟ್ರಮ್ ತೆಗೆದೆ, ಅಂದರೆ ಯಾವ ತರಂಗಾಂತರದ ಅತಿನೇರಳೆ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ನಕ್ಷೆ. ಗರಿಷ್ಠ ಹೀರಿಕೆ 250 ನ್ಯಾನೊಮೀಟರ್ ಆಸುಪಾಸು. ಆಂಡ್ರೋಗ್ರಾಫೊಲೈಡ್ ಆಗಿದ್ದರೆ 225ರ ಹತ್ತಿರ ಇರಬೇಕಿತ್ತು. ಪುಡಿಯ ದೊಡ್ಡ ಪೀಕ್ ಗರಿಷ್ಠ ಹೀರಿದ್ದು ಸರಿಯಾಗಿ ಆ 225ರ ಹತ್ತಿರವೇ.

ಸೀಸೆಯಲ್ಲಿದ್ದದ್ದರ ಮಾಸ್ ಸ್ಪೆಕ್ಟ್ರಮ್ (ಅಣುವಿನ ತೂಕ ಅಳೆಯುವ ಪರೀಕ್ಷೆ) ಮಾಡಿಸಿದಾಗ 333 ಬಂತು. ‘ಸರಿ ಇದೆಯಲ್ಲ’ ಎಂದರು ಲ್ಯಾಬಿನವರು. ಮಜಾ ಇರುವುದೇ ಇಲ್ಲಿ. ಆಂಡ್ರೋಗ್ರಾಫೊಲೈಡ್‌ನ ಅಣುತೂಕ 350. ಮಷೀನಿನೊಳಗೇ ಒಂದು ಪ್ರೋಟಾನ್ (1) ಸೇರಿ, ಒಂದು ನೀರಿನ ಅಣು (18) ಕಳೆದುಕೊಂಡು 333 ತೋರಿಸುತ್ತದೆ. ಅದೇ ಗಿಡದಲ್ಲಿರುವ 14-ಡಿಆಕ್ಸಿ-11,12-ಡೈಡಿಹೈಡ್ರೊ ಆಂಡ್ರೋಗ್ರಾಫೊಲೈಡ್‌ನ ತೂಕ 332. ಪ್ರೋಟಾನ್ ಸೇರಿದರೆ ಅದೂ 333! ಹಾಗಾಗಿ ಸೋಡಿಯಂ (23) ಸೇರಿದ ಅಯಾನನ್ನು ಹುಡುಕಬೇಕು: ಮೊದಲನೆಯದಕ್ಕೆ 373, ಎರಡನೆಯದಕ್ಕೆ 355. ನಮ್ಮ ಸೀಸೆಯದು 355.

ಸರ್ಟಿಫಿಕೇಟಿನಲ್ಲಿ ಶುದ್ಧತೆ ಶೇ. 98 ಅಂತಿತ್ತು. ಸುಳ್ಳೇನಲ್ಲ. ಪೀಕ್ ಹೆಚ್ಚುಕಮ್ಮಿ ಒಂದೇ ಇದೆ ಎಂದಷ್ಟೇ ಆ ಅಂಕಿ ಹೇಳುತ್ತದೆ, ಯಾವುದರ ಪೀಕ್ ಎಂದಲ್ಲ. ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ದಾಖಲೆ ಸಮೇತ ಬದಲಿ ಸೀಸೆ ತರಿಸಿದೆವು. ಪುಡಿ ಪಾಸಾಯಿತು. ಈಗ ಯಾವ ಹೊಸ ಸೀಸೆ ಬಂದರೂ ಯುವಿ ನೋಡದೆ ತೂಗುವುದಿಲ್ಲ.